ಇಕ್ಕಳ ನೋಡಿದಿರಿ, ನೀರು ನೋಡಿದಿರಾ?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ತಾಯಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಹೋದ ವಾರ ಇಲ್ಲೇ ಒಂದು ಕ್ಲಿನಿಕ್‌ನಲ್ಲಿ ಕೆಳಗಿನ ದವಡೆ ಹಲ್ಲು ಕೀಳಿಸಿದೆವು. ನಾಲ್ಕನೇ ದಿನಕ್ಕೆ ಕೆನ್ನೆ ಊದಿಕೊಂಡಿದೆ, ಕೀವೂ ಬರುತ್ತಿದೆ. ಅಲ್ಲಿ ಹಸಿರು ನೀರಿನ ಟ್ರೇಯಿಂದ ಇಕ್ಕಳ ತೆಗೆದು, ಒರೆಸಿ, ಮುಂದಿನವರಿಗೆ ಬಳಸುತ್ತಿದ್ದುದನ್ನು ನಾನೇ ನೋಡಿದೆ. ಇದು ಬೇರೆಯವರಿಂದ ಅಂಟಿದ ಸೋಂಕಾ? ಈಗ ಏಳು ವರ್ಷದ ಮಗಳ ಹಾಲುಹಲ್ಲಿಗೂ ರೂಟ್ ಕೆನಾಲ್ ಥರದ ಚಿಕಿತ್ಸೆ ಬೇಕು ಅಂದಿದ್ದಾರೆ. ಕ್ಲಿನಿಕ್ ಶುದ್ಧವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಡಾಕ್ಟರನ್ನು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ವಾ?

ಉತ್ತರ: ಮೊದಲು ತಾಯಿಯವರ ವಿಷಯ. ಉಳಿದದ್ದನ್ನು ಆಮೇಲೆ ಓದಿ.

ಸಕ್ಕರೆ ಕಾಯಿಲೆ ಇರುವವರಿಗೆ ಹಲ್ಲು ಕಿತ್ತ ನಾಲ್ಕನೇ ದಿನ ಊತ ಏರುತ್ತಿದೆ, ಕೀವು ಬರುತ್ತಿದೆ ಅಂದರೆ ಇವತ್ತೇ ತೋರಿಸಬೇಕು. ನಾಳೆ ಅನ್ನಬೇಡಿ. ಅದೇ ಕ್ಲಿನಿಕ್‌ಗೆ ಹೋಗಲು ಮನಸ್ಸಿಲ್ಲದಿದ್ದರೆ ನಮ್ಮ ಊರಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ, ಇನ್ನೊಂದು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಬಾಯಿಯ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೋಗಿ, ಹಲ್ಲು ಕಿತ್ತ ದಿನದ ಚೀಟಿ ಮತ್ತು ಸಕ್ಕರೆಯ ಮಾತ್ರೆಗಳ ಹೆಸರು ತೋರಿಸಿ. ಸಕ್ಕರೆ ಎಷ್ಟಿದೆ ಅಂತ ಅಲ್ಲೇ ನೋಡಿಸಿ. ಸೋಂಕು ಇದ್ದಾಗ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಸೋಂಕು ಹಬ್ಬುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿಲ್ಲ, ಎಂಜಲು ನುಂಗಲು ಆಗುತ್ತಿಲ್ಲ, ನಾಲಿಗೆಯ ಅಡಿ ಅಥವಾ ಗದ್ದದ ಕೆಳಗೆ ಗಟ್ಟಿಯಾಗಿ ಊದಿದೆ, ಉಸಿರಾಟಕ್ಕೆ ತೊಂದರೆ ಇದೆ ಅಂದರೆ ಡೆಂಟಲ್ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ನೇರವಾಗಿ ಚಿಗಟೇರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ರಾತ್ರಿಯಾದರೂ ಸರಿ. ಕೆಳದವಡೆಯ ಕೀವು ಕುತ್ತಿಗೆಗೆ ಇಳಿದರೆ ಶ್ವಾಸನಾಳವನ್ನೇ ಒತ್ತಿಬಿಡಬಹುದು.

ಇನ್ನೆರಡು ಮಾತು. ಕೆನ್ನೆಯ ಹೊರಗಿನಿಂದ ಉಪ್ಪಿನ ಶಾಖ ಕೊಡಬೇಡಿ. ಒಳಗಿನ ಕೀವು ಹೊರಚರ್ಮದ ಕಡೆಗೆ ಬರಬಹುದು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ. ಮಾತ್ರೆ ಶುರುವಾಗುವ ಮೊದಲೇ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ಅನ್ನುವುದು ಸರಿಯಾಗಿ ಸಿಗುತ್ತದೆ. ಕಳಿಸಿ ಅಂತ ನೀವೇ ಕೇಳಬಹುದು. ಆದರೆ ವರದಿ ಬರಲಿ ಅಂತ ಚಿಕಿತ್ಸೆ ನಿಲ್ಲಿಸಿ ಕಾಯುವುದು ಬೇಡ.

ಈಗ ನಿಮ್ಮ ಪ್ರಶ್ನೆ. ಇದು ಬೇರೆಯವರಿಂದ ಬಂದದ್ದಾ?

ಊತ ನೋಡಿ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಮನುಷ್ಯರ ಬಾಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಹಲ್ಲು ಕಿತ್ತ ಮೇಲೆ ಬರುವ ಸೋಂಕುಗಳಲ್ಲಿ ಬಹುಪಾಲು ರೋಗಿಯ ಬಾಯಲ್ಲೇ ಇದ್ದ ಬ್ಯಾಕ್ಟೀರಿಯಾಗಳಿಂದಲೇ ಆಗುತ್ತವೆ. ಹುಳುಕಾಗಿ ಬೇರಿನ ತುದಿಯಲ್ಲಿ ಮೊದಲೇ ಕೀವು ಕಟ್ಟಿರುತ್ತದೆ, ಸಕ್ಕರೆ ಹತೋಟಿಯಲ್ಲಿ ಇರುವುದಿಲ್ಲ, ಗಾಯ ಮಾಯುವುದು ನಿಧಾನ. ಎಲೆ ಅಡಿಕೆ, ಕಡ್ಡಿಪುಡಿ ಅಭ್ಯಾಸ ಇದ್ದರೆ ಇನ್ನೂ ಕಷ್ಟ. ಮೂರು ನಾಲ್ಕನೇ ದಿನ ಬರುವ ಇನ್ನೊಂದು ತೊಂದರೆ ಡ್ರೈ ಸಾಕೆಟ್. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಮೂಳೆ ಬರಿದಾಗಿ, ಕಿವಿಯವರೆಗೆ ಎಳೆಯುವ ನೋವು ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕೀವು ಇರುವುದಿಲ್ಲ. ನಿಮ್ಮ ತಾಯಿಯವರಿಗೆ ಕೀವು ಇರುವುದರಿಂದ ಇದು ಸೋಂಕೇ ಇರಬೇಕು. ಎಲ್ಲಿಂದ ಬಂತು ಅನ್ನುವುದು ಬೇರೆ ಮಾತು. ಹಾಗಾಗಿ ಆ ಡಾಕ್ಟರ ಮೇಲೆ ಈಗಲೇ ತಪ್ಪು ಹೊರಿಸುವುದು ಸರಿಯಲ್ಲ.

ಹಾಗಂತ ನೀವು ಆ ಟ್ರೇ ನೋಡಿ ಹೆದರಿದ್ದು ತಪ್ಪೂ ಅಲ್ಲ. ಆ ಹಸಿರು ದ್ರಾವಣ ಬಹುಶಃ 2 ಪರ್ಸೆಂಟ್ ಗ್ಲುಟರಾಲ್ಡಿಹೈಡ್. ಅದು ಒಳ್ಳೆಯ ಔಷಧವೇ. ಆದರೆ ಗಟ್ಟಿ ಕವಚದ ಬೀಜಾಣುಗಳೂ ಸಾಯಬೇಕಾದರೆ ಸಾಮಾನು ಅದರಲ್ಲಿ 10 ಗಂಟೆ ಪೂರ್ತಿ ಮುಳುಗಿರಬೇಕು. ಒಬ್ಬರು ಎದ್ದು ಇನ್ನೊಬ್ಬರು ಕೂರುವ ಹತ್ತು ನಿಮಿಷದಲ್ಲಿ ಆಗುವ ಕೆಲಸ ಅದಲ್ಲ. ಅದರ ಮೇಲೆ ರಕ್ತ ಒಣಗಿ ಅಂಟಿಕೊಂಡಿದ್ದರೆ ದ್ರಾವಣ ಒಳಗೆ ಇಳಿಯುವುದೇ ಇಲ್ಲ. ಇಕ್ಕಳ ರಕ್ತ ಮುಟ್ಟುತ್ತದೆ, ಮೂಳೆ ಮುಟ್ಟುತ್ತದೆ. ಅದು ಆಟೋಕ್ಲೇವ್, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಯಂತ್ರದಲ್ಲಿ ಆಗಿಯೇ ಬರಬೇಕು, ಇದರಲ್ಲಿ ರಾಜಿ ಇಲ್ಲ. ಕುದಿಸುವುದು ಸಾಲದು. ನೀಲಿ ಬೆಳಕಿನ ಯುವಿ ಪೆಟ್ಟಿಗೆ ಸಾಮಾನು ಇಟ್ಟುಕೊಳ್ಳುವುದಕ್ಕೆ ಅಷ್ಟೆ, ಶುದ್ಧ ಮಾಡುವುದಕ್ಕಲ್ಲ.

ಆದರೆ ನಾನು ನಿಮ್ಮ ಗಮನವನ್ನು ಇಕ್ಕಳದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಬೇಕು. ಎಲ್ಲರೂ ಕಬ್ಬಿಣದ ಸಾಮಾನು ನೋಡುತ್ತಾರೆ. ಹಲ್ಲಿನ ಕ್ಲಿನಿಕ್‌ಗಳಿಂದ ಬ್ಯಾಕ್ಟೀರಿಯಾ ಹರಡಿ ಜನ ಸತ್ತ, ಮಕ್ಕಳು ಆಸ್ಪತ್ರೆ ಸೇರಿದ ದೊಡ್ಡ ಪ್ರಕರಣಗಳನ್ನು ತೆಗೆದು ನೋಡಿದರೆ ಮತ್ತೆ ಮತ್ತೆ ಸಿಗುವುದು ನೀರು ಮತ್ತು ತೆರೆದಿಟ್ಟ ಬಾಟಲಿ.

ತೀರಾ ದೂರ ಹೋಗಬೇಕಿಲ್ಲ. ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ವಾಣಿಯಂಬಾಡಿ, ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲೇ ಇದೆ. 2023ರಲ್ಲಿ ಅಲ್ಲಿನ ಕೆಲವರಿಗೆ ಜ್ವರ, ತಲೆನೋವು ಬಂದು, ಮಾತು ತೊದಲತೊಡಗಿತು. ಮೆದುಳಿಗೆ ಸೋಂಕು ಏರಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಹುಡುಕಿದಾಗ ಸಿಕ್ಕಿದ್ದು ಮೆಲಿಯಾಯ್ಡೋಸಿಸ್ ಅನ್ನುವ ರೋಗದ ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲಿ, ನೀರಿನಲ್ಲಿ ಇರುವಂಥದ್ದು. ನಮ್ಮ ಕರಾವಳಿಯಲ್ಲೂ ಈ ರೋಗ ಕಾಣಿಸಿಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಇರುವವರನ್ನು ಜಾಸ್ತಿ ಹಿಡಿಯುತ್ತದೆ. ತನಿಖೆಗೆ ಸಿಕ್ಕ 21 ರೋಗಿಗಳಲ್ಲಿ 10 ಜನ ಒಂದೇ ಹಲ್ಲಿನ ಕ್ಲಿನಿಕ್‌ಗೆ ಹೋಗಿ ಬಂದವರು. ಆ 10 ಜನರಲ್ಲಿ 8 ಮಂದಿ ತೀರಿಕೊಂಡರು.

ಕಾರಣ ಏನು ಗೊತ್ತಾ? ಸಲೈನ್ ಬಾಟಲಿ. ವಸಡು ಬಿಡಿಸುವ ಸಾಮಾನಿನಿಂದಲೇ ಬಾಟಲಿಯ ಬಾಯಿ ತೆರೆಯುತ್ತಿದ್ದರು. ಸಲೈನ್ ಉಳಿದ ಬಾಟಲಿಯ ಬಾಯಿಗೆ ಹತ್ತಿಯ ಉಂಡೆ ತುರುಕಿ ಇಟ್ಟು, ಅದನ್ನೇ ಮುಂದಿನ ರೋಗಿಗಳ ಗಾಯ ತೊಳೆಯಲು ಬಳಸುತ್ತಿದ್ದರು. ಬ್ಯಾಕ್ಟೀರಿಯಾ ಒಂದು ಸಲ ಬಾಟಲಿಗೆ ಇಳಿದರೆ ಅಲ್ಲೇ ಉಳಿಯುತ್ತದೆ. ಸಲೈನ್ ಬಾಟಲಿಗೆ ಹೆಚ್ಚೇನೂ ಬೆಲೆಯಿಲ್ಲ. ಅದನ್ನು ಉಳಿಸಲು ಹೋಗಿ ಎಂಟು ಜೀವ ಹೋದವು. ಈ ತನಿಖೆಯ ವರದಿ ಪ್ರಕಟವಾದ ಮೇಲೆ ಸಿಕ್ಕ ಕಡೆಯಲ್ಲೆಲ್ಲ ನಾನು ಇದನ್ನು ಹೇಳುತ್ತಲೇ ಇದ್ದೇನೆ. ನಿಮ್ಮ ತಾಯಿಯವರಿಗೆ ಇದೇ ಬಂದಿದೆ ಅಂತ ಖಂಡಿತ ಅಂದುಕೊಳ್ಳಬೇಡಿ, ಕೆನ್ನೆ ಊತಕ್ಕೆ ಸಾಮಾನ್ಯ ಕಾರಣಗಳೇ ಬೇಕಷ್ಟಿವೆ. ಆದರೆ ಜ್ವರದ ಜೊತೆ ತಲೆನೋವು, ಮಾತಿನಲ್ಲಿ ತೊದಲು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಹಲ್ಲು ಕೀಳಿಸಿದ ವಿಷಯವನ್ನು ಮರೆಯದೆ ಹೇಳಿ.

ಈಗ ಕ್ಲಿನಿಕ್ ಒಳಗೆ ಹೋದಾಗ ಡಾಕ್ಟರ ಹಿಂದಿನ ಕಟ್ಟೆ ನೋಡಿ. ಸಲೈನ್ ಬಾಟಲಿಗೆ ಸೂಜಿ ಚುಚ್ಚಿ ಹಾಗೇ ಬಿಟ್ಟಿದ್ದಾರಾ? ಮುಚ್ಚಳದಲ್ಲಿ ತೂತು ಮಾಡಿ, ಬೇಕಾದಾಗಲೆಲ್ಲ ಅದುಮಿ ಹಿಂಡುತ್ತಾರಾ? ಹಾಗಿದ್ದರೆ ಬೆಳಗ್ಗೆ ತೆರೆದದ್ದು ಸಂಜೆಯವರೆಗೆ ನಡೆಯುತ್ತಿದೆ ಅಂತ ಅರ್ಥ. ಪಕ್ಕದಲ್ಲೇ ಮರಗಟ್ಟಿಸುವ ಇಂಜೆಕ್ಷನ್ನಿನ ಬಾಟಲಿ ಇರುತ್ತದೆ. ನಮ್ಮ ಕಡೆ ಜಾಸ್ತಿ ಬಳಕೆಯಲ್ಲಿರುವುದು 30 ಮಿಲಿಯ ಲಿಗ್ನೊಕೇನ್ ಬಾಟಲಿ. ಒಬ್ಬರಿಗೆ 2 ಮಿಲಿ ಸುಮಾರು ಬೇಕಾಗುತ್ತದೆ, ಅಂದರೆ ಒಂದೇ ಬಾಟಲಿಯಿಂದ ಹತ್ತಾರು ಜನರಿಗೆ ಕೊಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಪ್ರತಿ ಸಲ ಹೊಸ ಸಿರಿಂಜು, ಹೊಸ ಸೂಜಿ, ರಬ್ಬರ್ ಮುಚ್ಚಳ ಸ್ಪಿರಿಟ್‌ನಿಂದ ಒರೆಸಿ ತೆಗೆದರೆ. ತೊಂದರೆ ಆಗುವುದು ಎರಡನೇ ಡೋಸ್‌ನಲ್ಲಿ. ಮರಗಟ್ಟಲಿಲ್ಲ, ಇನ್ನೊಂದು ಸ್ವಲ್ಪ ಬೇಕು. ಆಗ ರೋಗಿಯ ಬಾಯಿಗೆ ಹೋಗಿ ಬಂದ ಅದೇ ಸೂಜಿಯನ್ನು ಮತ್ತೆ ಬಾಟಲಿಗೆ ಚುಚ್ಚಿದರೆ ಮುಗಿಯಿತು, ಆ ಬಾಟಲಿ ಕೆಟ್ಟಂತೆ. ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಹೆಪಟೈಟಿಸ್ ಬಿ, ಸಿ ವೈರಸ್‌ಗಳಿಗೂ ಅದೇ ದಾರಿ.

ಇನ್ನು ಚೇರಿನ ನೀರು. ನಿಮ್ಮ ಮಗಳ ವಿಷಯದಲ್ಲಿ ಇದೇ ಮುಖ್ಯ.

ಹಲ್ಲು ಕೊರೆಯುವ ಯಂತ್ರವಾದ ಏರೋಟರ್ ತುದಿಯಿಂದ ತಣ್ಣಗೆ ಚಿಮ್ಮುವ ನೀರು ಚೇರಿನ ಒಳಗಿನ ಸಣ್ಣ ಪ್ಲಾಸ್ಟಿಕ್ ಪೈಪುಗಳಲ್ಲಿ ಬರುತ್ತದೆ. ಪೈಪಿನ ಒಳಗಲ ಎರಡು ಮಿಲಿಮೀಟರ್ ಆಸುಪಾಸು. ರಾತ್ರಿಯೆಲ್ಲ, ಭಾನುವಾರವೆಲ್ಲ ಅದರಲ್ಲಿ ನೀರು ನಿಂತೇ ಇರುತ್ತದೆ. ತೊಳೆಯದೆ ಬಿಟ್ಟ ಕೊಡದ ಒಳಗೆ ಬೆರಳಾಡಿಸಿದರೆ ಲೋಳೆ ಸಿಗುತ್ತದಲ್ಲ, ಪೈಪಿನ ಗೋಡೆಗೂ ಅಂಥದ್ದೇ ಲೋಳೆ ಕಟ್ಟುತ್ತದೆ. ಅದರೊಳಗೆ ಸ್ಯೂಡೋಮೊನಾಸ್, ಲೀಜಿಯೊನೆಲ್ಲ, ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟರಾದ ಕೆಲವು ಮೈಕೋಬ್ಯಾಕ್ಟೀರಿಯಾಗಳು ಹಾಯಾಗಿ ಬದುಕುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಸಾಮಾನ್ಯ ಚಿಕಿತ್ಸೆಗೆ ಬಳಸುವ ನೀರಿನ ಒಂದು ಮಿಲಿಯಲ್ಲಿ ಇಂಥ ಬ್ಯಾಕ್ಟೀರಿಯಾ 500 ದಾಟಬಾರದು. ಔಷಧ ಹಾಕದೆ ಬಿಟ್ಟ ಪೈಪುಗಳಲ್ಲಿ ಲಕ್ಷ ದಾಟುವುದೂ ಇದೆ.

ನಮ್ಮ ಊರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪಿಗೆ, ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ, ಟ್ಯಾಂಕಿನಿಂದ ಚೇರಿಗೆ. ದಿನಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕ್ ಬಿಸಿಯಾಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಬೇಕಾದದ್ದು. ಜಗಳೂರು, ಚಿತ್ರದುರ್ಗದ ಕಡೆ ಬೋರ್ ನೀರಿನ ಗಡಸುತನ ಬೇರೆ. ಆ ನೀರನ್ನು ಆಟೋಕ್ಲೇವ್‌ಗೆ ಹಾಕಿದರೆ ಒಳಗೆ ಬಿಳಿ ಉಪ್ಪು ಕಟ್ಟಿಕೊಂಡು ಯಂತ್ರ ಕೈಕೊಡುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು.

2011ರಲ್ಲಿ ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜಿಯೊನೆಲ್ಲ ನ್ಯುಮೋನಿಯಾದಿಂದ ತೀರಿಕೊಂಡರು. ಅವರು ಕಾಯಿಲೆ ಬೀಳುವ ಮುಂಚೆ ಮನೆ ಬಿಟ್ಟು ಹೋಗಿದ್ದು ಹಲ್ಲಿನ ಡಾಕ್ಟರ ಹತ್ತಿರ ಮಾತ್ರ. ಅವರ ದೇಹದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಮತ್ತು ಆ ಚೇರಿನ ನೀರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಒಂದೇ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. 2015ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್‌ಗಳಲ್ಲಿ ಇನ್ನೊಂದು ಅನಾಹುತ ಆಯಿತು. ಅಲ್ಲಿನ ಮಕ್ಕಳಿಗೆ ಮಾಡಿದ್ದು ಪಲ್ಪಾಟಮಿ, ಅಂದರೆ ಹಾಲುಹಲ್ಲಿನ ನರದ ಮೇಲ್ಭಾಗ ತೆಗೆಯುವ ಚಿಕಿತ್ಸೆ. ಬಹುಶಃ ನಿಮ್ಮ ಮಗಳಿಗೆ ಹೇಳಿರುವುದೂ ಇದನ್ನೇ ಅಥವಾ ಇದರ ಹತ್ತಿರದ್ದನ್ನು. ಕೊರೆದ ಹಲ್ಲಿನೊಳಗೆ ಚೇರಿನ ನೀರು ಹೋಗಿ, ಮೈಕೋಬ್ಯಾಕ್ಟೀರಿಯಂ ಆ್ಯಬ್‌ಸೆಸಸ್ ಅನ್ನುವ ಬ್ಯಾಕ್ಟೀರಿಯಾ ಮೂಳೆಗೇ ಇಳಿಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ 70ಕ್ಕೂ ಹೆಚ್ಚು ಮಕ್ಕಳು. ಕೆಲವರು ಕಾಯಂ ಹಲ್ಲುಗಳನ್ನೂ ಕಳೆದುಕೊಂಡರು. ಊತ ಕಾಣಿಸಿಕೊಂಡದ್ದು ಮರುದಿನ ಅಲ್ಲ, ವಾರಗಳು, ತಿಂಗಳುಗಳು ಕಳೆದ ಮೇಲೆ. ಹಾಗಾಗಿ ಮಗಳಿಗೆ ಚಿಕಿತ್ಸೆ ಆಗಿ ಎರಡು ಮೂರು ತಿಂಗಳಾದ ಮೇಲೂ ಗದ್ದದ ಕೆಳಗೆ ಗಂಟು, ಕೆನ್ನೆಯಲ್ಲಿ ಊತ ಬಂದರೆ ಸುಮ್ನೆ ಬಿಡಬೇಡಿ.

ಇದನ್ನು ಓದಿ ಮಗುವಿನ ಚಿಕಿತ್ಸೆಯನ್ನೇ ಮುಂದೂಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಇಂಥ ಪ್ರಕರಣಗಳು ಅಪರೂಪ. ಹುಳುಕು ಹಲ್ಲನ್ನು ಹಾಗೇ ಬಿಟ್ಟರೆ ಕೀವು ಕಟ್ಟುವುದು ಅಪರೂಪವಲ್ಲ.

ಚೇರಿನ ನೀರನ್ನು ಸರಿಯಾಗಿಡುವುದು ಕಷ್ಟದ ಕೆಲಸವೇನೂ ಅಲ್ಲ. ಟ್ಯಾಂಕಿನ ನೀರು ನೇರ ಬಿಡದೆ ಚೇರಿಗೇ ಪ್ರತ್ಯೇಕ ಬಾಟಲಿ ಕೂರಿಸುತ್ತಾರೆ. ಹೊಸ ಚೇರುಗಳಲ್ಲಿ ಪಕ್ಕದಲ್ಲೇ ಒಂದು ಲೀಟರಿನಷ್ಟು ಬಾಟಲಿ ತೂಗಾಡುವುದನ್ನು ನೀವು ನೋಡಿರಬಹುದು. ಶುದ್ಧ ನೀರು ಹಾಕಿ, ಪೈಪಿಗೆ ಆಗಾಗ ಲೋಳೆ ತೆಗೆಯುವ ಔಷಧ ಓಡಿಸಬೇಕು. ಬರೀ ಆರ್‌ಓ ನೀರು ಹಾಕಿದರೆ ಸಾಲದು, ಕಟ್ಟಿದ ಲೋಳೆ ಅದರಿಂದ ಹೋಗುವುದಿಲ್ಲ. ಪ್ರತಿ ರೋಗಿಯ ನಂತರ ಏರೋಟರನ್ನು 20ರಿಂದ 30 ಸೆಕೆಂಡ್ ಸುಮ್ಮನೆ ಓಡಿಸಿ ನೀರು ಚೆಲ್ಲಬೇಕು. ಏರೋಟರ್ ನಿಂತ ಕ್ಷಣ ಹಿಂದಿನವರ ಜೊಲ್ಲು ಸ್ವಲ್ಪ ಒಳಕ್ಕೆ ಎಳೆದುಕೊಂಡಿರಬಹುದು, ಅದು ಹೊರಗೆ ಹೋಗಲಿ ಅಂತ. ವಸಡು ಕೊಯ್ದು ಮೂಳೆ ಕೊರೆಯುವ ಕೆಲಸಕ್ಕೆ ಮಾತ್ರ ಚೇರಿನ ನೀರು ಬೇಡವೇ ಬೇಡ. ಅಲ್ಲಿ ಆಗಷ್ಟೇ ತೆರೆದ ಸ್ಟೆರೈಲ್ ಸಲೈನ್ ಬೇಕು.

ಆಟೋಕ್ಲೇವ್ ಬಗ್ಗೆಯೂ ಒಂದು ಲೆಕ್ಕ ಹೇಳುತ್ತೇನೆ. 121 ಡಿಗ್ರಿಯಲ್ಲಿ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ಅಂತ ಪುಸ್ತಕದಲ್ಲಿರುತ್ತದೆ. ಆದರೆ ಸಾಮಾನು ತೊಳೆದು, ಕವರಿಗೆ ಹಾಕಿ, ಬಿಸಿಯೇರಿ, ಒಣಗಿ ಹೊರಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕೇ ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಬೇಕು. ಸಂಜೆ ಐದರಿಂದ ಒಂಬತ್ತರ ರಶ್‌ನಲ್ಲಿ ಎಂಟು ಜನರ ಹಲ್ಲು ಕೊರೆಯುವ ಕ್ಲಿನಿಕ್‌ನಲ್ಲಿ ಎರಡೇ ಏರೋಟರ್ ಇದ್ದರೆ, ಪ್ರತಿಯೊಬ್ಬರಿಗೂ ಆಟೋಕ್ಲೇವ್ ಆದದ್ದು ಸಿಗುವುದು ಸಾಧ್ಯವೇ ಇಲ್ಲ. ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟಿರುತ್ತಾರೆ. ಏರೋಟರ್ ಒಳಗೆ ಟೊಳ್ಳು, ಹೊರಗೆ ಒರೆಸಿದರೆ ಒಳಗೆ ಏನೂ ಆಗುವುದಿಲ್ಲ. ಹಾಗಾಗಿ "ನಿಮ್ಮಲ್ಲಿ ಆಟೋಕ್ಲೇವ್ ಇದೆಯಾ?" ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. "ನಿಮ್ಮಲ್ಲಿ ಏರೋಟರ್ ಎಷ್ಟಿವೆ ಸರ್?" ಅಂತ ಕೇಳಿ ನೋಡಿ. ಉತ್ತರದಿಂದ ಬಹಳಷ್ಟು ತಿಳಿಯುತ್ತದೆ.

ಕವರ್ ಅಂದೆನಲ್ಲ, ಅದನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಒಂದು ಕಡೆ ಕಾಗದ, ಇನ್ನೊಂದು ಕಡೆ ಪಾರದರ್ಶಕ ಪ್ಲಾಸ್ಟಿಕ್, ಅಂಚಿನಲ್ಲಿ ಬಣ್ಣ ಬದಲಾಗಿರುವ ಗುರುತು. ಕವರ್ ಒದ್ದೆಯಾಗಿದ್ದರೆ, ಹರಿದಿದ್ದರೆ ಬೇಡ ಅನ್ನಿ. ಬಣ್ಣ ಬದಲಾಗಿದೆ ಅಂದರೆ ಶಾಖ ತಾಗಿದೆ ಅಂತ ಮಾತ್ರ. ಬ್ಯಾಕ್ಟೀರಿಯಾ ಸತ್ತಿವೆ ಅನ್ನುವುದಕ್ಕೆ ಬೀಜಾಣು ಪರೀಕ್ಷೆ ಅಂತ ಬೇರೆಯೇ ಇದೆ, ಅದನ್ನು ವಾರಕ್ಕೊಮ್ಮೆ ಮಾಡಬೇಕು.

ಗ್ಲೌಸ್ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಒಂದು ಗಮನಿಸಿ. ಹಾಕಿಕೊಂಡಿದ್ದಾರೆ ಅನ್ನುವುದು ಮುಖ್ಯವಲ್ಲ, ಹಾಕಿಕೊಂಡ ಮೇಲೆ ಏನೇನು ಮುಟ್ಟಿದರು ಅನ್ನುವುದು ಮುಖ್ಯ. ನಿಮ್ಮ ಬಾಯಲ್ಲಿದ್ದ ಕೈ ಡ್ರಾಯರ್ ಎಳೆಯಿತು, ಲೈಟಿನ ಹಿಡಿ ತಿರುಗಿಸಿತು, ರಿಂಗಾದ ಮೊಬೈಲ್ ಎತ್ತಿ ಕಿವಿಗಿಟ್ಟಿತು, ಮತ್ತೆ ಬಾಯಿಗೆ ಬಂತು. ಇಷ್ಟಾದ ಮೇಲೆ ಆ ಗ್ಲೌಸ್ ಇದ್ದರೂ ಒಂದೇ, ಬಿಟ್ಟರೂ ಒಂದೇ.

ಕೇಳಿದರೆ ಬೇಜಾರಾಗುತ್ತದಾ ಅಂದಿರಿ. ಸರಿಯಾಗಿ ಮಾಡುವವರಿಗೆ ಖುಷಿಯಾಗುತ್ತದೆ, ನಿಜವಾಗಿ. ಇದಕ್ಕೆ ದುಡ್ಡು ಖರ್ಚಾಗುತ್ತದೆ, ಸಹಾಯಕರಿಗೆ ಕಲಿಸಬೇಕಾಗುತ್ತದೆ, ರೋಗಿಗಳ ಕಣ್ಣಿಗೆ ಇದ್ಯಾವುದೂ ಬೀಳುವುದಿಲ್ಲ. ಯಾರಾದರೂ ಕೇಳಿದರೆ ತಮ್ಮ ಶ್ರಮ ಗಮನಿಸಿದರಲ್ಲ ಅನ್ನಿಸುತ್ತದೆ. "ಸರ್, ಅಮ್ಮನಿಗೆ ಸೋಂಕಾಗಿತ್ತು, ಅದಕ್ಕೆ ಭಯ. ಸಾಮಾನು ಹೇಗೆ ಶುದ್ಧ ಮಾಡ್ತೀರಿ, ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ, ಚೇರಿನಲ್ಲಿ ಬಾಯಿ ತೆರೆದು ಕೂತ ಮೇಲೆ ಕೇಳುವುದು ಇಬ್ಬರಿಗೂ ಕಷ್ಟ. ಕೇಳಿದ್ದಕ್ಕೆ ರೇಗಿದರೆ ಬೇರೆ ಕ್ಲಿನಿಕ್ ನೋಡಿಕೊಳ್ಳಿ.

ಮಗಳ ಚಿಕಿತ್ಸೆಗೆ ರಬ್ಬರ್ ಡ್ಯಾಮ್ ಹಾಕುತ್ತೀರಾ ಅಂತಲೂ ವಿಚಾರಿಸಿ. ತೆಳುವಾದ ರಬ್ಬರ್ ಹಾಳೆ, ಅದರ ತೂತಿನಿಂದ ಚಿಕಿತ್ಸೆಯ ಹಲ್ಲು ಮಾತ್ರ ಹೊರಗಿರುತ್ತದೆ. ಜೊಲ್ಲು ಹಲ್ಲಿನೊಳಗೆ ಹೋಗುವುದಿಲ್ಲ, ಗಾಳಿಗೆ ಚಿಮ್ಮುವ ತುಂತುರೂ ಕಡಿಮೆ. ಮಗುವಿಗೆ ಮನೆಯಲ್ಲೇ ಒಂದು ಹೇಳಿಕೊಡಿ: ಜೊಲ್ಲು ಎಳೆಯುವ ಕೊಳವೆ ಬಾಯಲ್ಲಿದ್ದಾಗ ತುಟಿ ಮುಚ್ಚಿ ಚೀಪಬಾರದು. ಹಾಗೆ ಮಾಡಿದರೆ ಪೈಪಿನೊಳಗಿದ್ದದ್ದು ವಾಪಸ್ ಬಾಯಿಗೆ ಬರಬಹುದು, ಅದರಲ್ಲಿ ಹಿಂದಿನವರದ್ದೂ ಇರಬಹುದು. ಮಕ್ಕಳು ಐಸ್‌ಕ್ಯಾಂಡಿ ಅಂದುಕೊಂಡು ಚೀಪುತ್ತಾರೆ. ಕೊಳವೆಯ ತುದಿ ಪ್ರತಿಯೊಬ್ಬರಿಗೂ ಹೊಸದಿರಬೇಕು ಅನ್ನುವುದನ್ನು ಹೇಳಬೇಕಿಲ್ಲ ಅಲ್ವಾ.

ತಾಯಿಯವರ ಕ್ಲಿನಿಕ್ ಬಗ್ಗೆ: ಕಲ್ಚರ್ ವರದಿ ಬಂದ ಮೇಲೆ ಅದರ ಪ್ರತಿಯೊಂದಿಗೆ ಮೊದಲು ಆ ಡಾಕ್ಟರನ್ನೇ ಭೇಟಿ ಮಾಡಿ, ಹಸಿರು ಟ್ರೇ ವಿಷಯ ನೇರವಾಗಿ ಹೇಳಿ. ತಿದ್ದಿಕೊಳ್ಳುವ ಅವಕಾಶ ಅವರಿಗೂ ಸಿಗಲಿ. ಕೇಳಿಸಿಕೊಳ್ಳದಿದ್ದರೆ ದಾರಿ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಹಲ್ಲಿನ ಕ್ಲಿನಿಕ್ ಕೂಡ ನೋಂದಣಿ ಆಗಿರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಇಂಥ ದೂರು ಕೇಳುತ್ತದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಿ. ದಿನಾಂಕ, ಬಿಲ್ಲು, ಔಷಧದ ಚೀಟಿ, ಕಲ್ಚರ್ ವರದಿ ಲಗತ್ತಿಸಿ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಟ್ರೇಯಿಂದ ತೆಗೆದು ಒರೆಸಿ ಬಳಸಿದ್ದು ನೀವು ಕಂಡದ್ದು. ಸೋಂಕು ಅದರಿಂದಲೇ ಬಂತು ಅನ್ನುವುದನ್ನು ತೀರ್ಮಾನಿಸುವುದು ತನಿಖೆ ಮಾಡುವವರ ಕೆಲಸ.